ಹಳೇ ಸಣ್ಣ ಕಾರು: ಎಂಜಿನ್‌ಗಿಂತ ಮೊದಲು ಬಾಡಿ, ಬಾಡಿಗಿಂತ ಮೊದಲು ಆರ್‌ಸಿ

ಹತ್ತು ವರ್ಷ ದಾಟಿದ ಆಲ್ಟೊ, ವ್ಯಾಗನ್‌ಆರ್, ಐ10, ಸ್ವಿಫ್ಟ್ ನೋಡಲು ಹೋದವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತಿಸಿ, ಎಕ್ಸಲರೇಟರ್ ಒತ್ತಿಸಿ, ‘ಸೌಂಡ್ ಚೆನ್ನಾಗಿದೆ’ ಅನ್ನುವುದು. ಮಾರುವವರಿಗೂ ಇದು ಗೊತ್ತು. ಅದಕ್ಕೇ ಹಿಂದಿನ ದಿನ ಎಂಜಿನ್ ತೊಳೆಸಿ, ಹೊಸ ಆಯಿಲ್ ಹಾಕಿಸಿ, ಪ್ಲಾಸ್ಟಿಕ್ ಮುಚ್ಚಳಗಳಿಗೆ ಪಾಲಿಶ್ ಹೊಡೆಸಿ ನಿಲ್ಲಿಸಿರುತ್ತಾರೆ. ಆದರೆ ಈ ವರ್ಗದ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಅಷ್ಟೇನೂ ಹೆದರಬೇಕಾದ ಭಾಗವಲ್ಲ. ಬಿಡಿಭಾಗ ತಾಲ್ಲೂಕು ಊರಿನಲ್ಲೂ ಸಿಗುತ್ತದೆ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಪ್ರತಿ ಬಸ್‌ಸ್ಟ್ಯಾಂಡಿನ ಹತ್ತಿರವೂ ಇರುತ್ತಾನೆ. ದುಡ್ಡು ಸುರಿದರೂ ನೆಟ್ಟಗಾಗದವು ಎರಡೇ: ತಿರುಚಿದ ಇಲ್ಲವೇ ತುಕ್ಕು ತಿಂದ ಬಾಡಿ, ಮತ್ತು ಗಂಟು ಬಿದ್ದ ಕಾಗದಪತ್ರ. ಹಾಗಾಗಿ ಪರೀಕ್ಷೆಯ ಕ್ರಮವನ್ನೇ ತಲೆಕೆಳಗು ಮಾಡಬೇಕು.

ಮನೆ ಬಿಡುವ ಮುನ್ನವೇ ಮುಗಿಯುವ ಕೆಲಸ

ಗಾಡಿ ನಂಬರ್ ಕೇಳಿ ತೆಗೆದುಕೊಳ್ಳಿ. ಕೊಡಲು ಮೀನಮೇಷ ಎಣಿಸುವವರ ಗಾಡಿ ನೋಡಲು ಪೆಟ್ರೋಲ್ ಸುಡುವುದೇ ಬೇಡ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಎಷ್ಟನೇ ಓನರ್, ಯಾವ ಇಂಧನ, ನೋಂದಣಿ ಎಲ್ಲಿಯವರೆಗೆ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಬ್ಯಾಂಕಿನ ಹೈಪಾಥಿಕೇಶನ್ (ಸಾಲಕ್ಕೆ ಗಾಡಿಯ ಅಡಮಾನ) ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದು ಬರುತ್ತದೆ. ಟ್ರಾಫಿಕ್ ಚಲನ್ ಬಾಕಿಯನ್ನು ಬೇರೆಯಾಗಿ ನೋಡಬೇಕು. ಬೆಂಗಳೂರಿನಲ್ಲಿ ಓಡಿದ ಗಾಡಿಯ ಮೇಲೆ ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಎಂದು ಸಾವಿರಾರು ರೂಪಾಯಿ ದಂಡ ಕೂತಿರುವುದು ಮಾಮೂಲು. ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಅದು ಚುಕ್ತಾ ಆಗಬೇಕು.

‘ಲೋನ್ ಯಾವತ್ತೋ ತೀರಿದೆ ಸಾರ್’ ಎಂಬ ಮಾತು ಆರ್‌ಸಿಗೆ ಕೇಳಿಸುವುದಿಲ್ಲ. ಸಾಲ ತೀರಿದರೂ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಜೊತೆ ಫಾರಂ 35 ಕೊಟ್ಟು ಹೈಪಾಥಿಕೇಶನ್ ತೆಗೆಸದಿದ್ದರೆ ವರ್ಗಾವಣೆ ಸಲೀಸಾಗಿ ಆಗುವುದಿಲ್ಲ. ಅದನ್ನು ಮಾರುವವರೇ ತೆಗೆಸಿಕೊಡಲಿ.

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ. ಅಂದರೆ 2012ರ ಗಾಡಿಯ ಆರ್‌ಸಿ 2027ಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಹಾಕಿ, ಗಾಡಿಯನ್ನು ತಪಾಸಣೆಗೆ ಒಯ್ದು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಜನರ ಬಾಯಲ್ಲಿ ಇದೇ ‘ಎಫ್‌ಸಿ ಮಾಡಿಸೋದು’. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಮ್ಮೆಲೇ 5,000ಕ್ಕೆ ಏರಿತು. ಅದರ ಜೊತೆಗೆ ಹಸಿರು ತೆರಿಗೆ, ತಪಾಸಣೆಯಲ್ಲಿ ಪಾಸಾಗಲು ಬೇಕಾದ ರಿಪೇರಿ. 14 ವರ್ಷದ ಗಾಡಿ ಅಗ್ಗಕ್ಕೆ ಬರುವುದರ ಹಿಂದಿನ ಗುಟ್ಟು ಬಹುಪಾಲು ಇದೇ.

ಬೇರೆ ರಾಜ್ಯದ ಗಾಡಿಯ ಆಸೆಗೆ ಬೀಳುವವರು ಲೆಕ್ಕ ಪೂರ್ತಿ ಹಾಕಬೇಕು. ದೆಹಲಿ ಸೀಮೆಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ, ಅಲ್ಲಿನ ಡೀಸೆಲ್ ಕಾರುಗಳು ಲಾರಿ ಏರಿ ದಕ್ಷಿಣಕ್ಕೆ ಬಂದವು. ಬೆಲೆ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬರಬೇಕು, ಇಲ್ಲಿ 12 ತಿಂಗಳೊಳಗೆ ಕೆಎ ನಂಬರ್ ಆಗಬೇಕು, ಗಾಡಿಯ ವಯಸ್ಸು ಮತ್ತು ಮೂಲ ಬೆಲೆ ನೋಡಿ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಕಟ್ಟಿದ ಮೇಲೆ ಉಳಿಯುವ ಲಾಭ, ಎರಡು ಊರಿನ ಆರ್‌ಟಿಒ ಅಲೆದಾಟಕ್ಕೆ ಸಮವಾಗುವುದು ಅಪರೂಪ.

ಇನ್ನು ಸಣ್ಣದಾಗಿ ಕಂಡರೂ ಕಾಡುವ ಮೂರು ಸಂಗತಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟ್ ಹಾಕಿಸಿರಬೇಕು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದ್ದರೆ ಅದು ಆರ್‌ಸಿಯ ಇಂಧನದ ಸಾಲಿನಲ್ಲೂ ಇರಬೇಕು. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕುವ ಪರೀಕ್ಷೆ) ಆಗಿರುವ ಪಟ್ಟಿ ಕಾಣಬೇಕು. ಮೂರನೆಯದು, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಟ್ಯಾಕ್ಸಿ. ಡಿಜೈರ್, ಇಂಡಿಕಾಗಳಲ್ಲಿ ಇದು ಜಾಸ್ತಿ. ಡ್ಯಾಶ್‌ಬೋರ್ಡಿನ ಮೇಲೆ ಮೀಟರ್ ಕೂರಿಸಿದ್ದ ತೂತು, ಬಾನೆಟ್ ಒಳಗೆ ಸ್ಪೀಡ್ ಗವರ್ನರ್ ಕಿತ್ತ ವೈರಿನ ತುದಿ, ಬಾಗಿಲ ಮೇಲೆ ಸ್ಟಿಕರ್ ಇದ್ದಲ್ಲಿ ಬಣ್ಣದ ಛಾಯೆ ಬೇರೆ, ಇವು ಅದರ ಗುರುತು.

ಬಾಡಿಯೇ ಚಾಸಿ

ಸಣ್ಣ ಕಾರಿಗೆ ಲಾರಿ, ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡನ್ನೇ ಮಡಚಿ, ಒಂದಕ್ಕೊಂದು ಬೆಸೆದು ಮಾಡಿದ ಪೆಟ್ಟಿಗೆಯೇ ಎಂಜಿನ್, ಸಸ್ಪೆನ್ಶನ್ ಎಲ್ಲವನ್ನೂ ಹೊರುತ್ತದೆ. ಅಪಘಾತದಲ್ಲಿ ಆ ಪೆಟ್ಟಿಗೆ ಒಂದೆರಡು ಸೆಂಟಿಮೀಟರ್ ವಾಲಿದರೂ ಸಾಕು, ಟೈರ್ ಒಂದೇ ಪಕ್ಕ ಸವೆಯುತ್ತದೆ, ಸ್ಟೀರಿಂಗ್ ಎಳೆಯುತ್ತದೆ, ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತದೇ ಕಥೆ. ಬಂಪರ್, ಬಾಗಿಲು, ಫೆಂಡರ್ ಬಣ್ಣ ಹೊಡೆದಿರುವುದು ದೊಡ್ಡ ವಿಷಯವಲ್ಲ. ನಮ್ಮ ಊರುಗಳಲ್ಲಿ ಹತ್ತು ವರ್ಷ ಓಡಿ ಗೀರು ಬೀಳದ ಕಾರಿಲ್ಲ. ಬೋಲ್ಟ್ ಹಾಕಿ ಕೂರಿಸಿದ ಭಾಗ ಬದಲಾದರೆ ಕ್ಷಮಿಸಬಹುದು, ಬೆಸೆದ ಭಾಗ ಬದಲಾಗಿದ್ದರೆ ಕ್ಷಮೆಯಿಲ್ಲ.

ಇದನ್ನು ಕಣ್ಣಾರೆ ನೋಡುವ ಬಗೆ ಹೀಗೆ. ಬೆಳಗಿನ ಬೆಳಕಿನಲ್ಲಿ ಬಾನೆಟ್ ಎತ್ತಿ. ಬಾನೆಟ್ಟಿನ ಹಿಂಜ್ ಬೋಲ್ಟ್‌ಗಳ ಮೂಲೆಗಳನ್ನು ನೋಡಿ. ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿದ ಮೇಲೆ ಬಣ್ಣ ಬೀಳುವುದರಿಂದ ಅದರ ಆರೂ ಮೂಲೆ ಬಣ್ಣ ಹೊದ್ದಿರುತ್ತವೆ. ಸ್ಪ್ಯಾನರ್ ಬಿದ್ದಿದ್ದರೆ ಮೂಲೆ ಬೋಳಾಗಿ ಲೋಹ ಮಿನುಗುತ್ತದೆ. ಅದೇ ಪರೀಕ್ಷೆ ಫೆಂಡರ್ ಬೋಲ್ಟ್‌ಗೆ, ಬಾಗಿಲ ಹಿಂಜ್‌ಗೆ. ಆಮೇಲೆ ರೇಡಿಯೇಟರ್ ಹಿಡಿದಿರುವ ಮುಂದಿನ ಅಡ್ಡ ತಗಡು, ಅದರ ಎರಡೂ ಪಕ್ಕದಲ್ಲಿ ಚಕ್ರದ ಮೇಲೆ ಬರುವ ಒಳ ತಗಡು, ಅಂದರೆ ಏಪ್ರನ್. ಅಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡ್ ಕಡಲೆಕಾಳಷ್ಟಗಲದ ತಗ್ಗು ಚುಕ್ಕೆಗಳಾಗಿ, ರೂಲರ್ ಇಟ್ಟಂತೆ ಒಂದೇ ಅಂತರದಲ್ಲಿ ಇರುತ್ತದೆ. ಟಿಂಕರಿಂಗ್ ಶೆಡ್ಡಿನ ವೆಲ್ಡ್ ಉಬ್ಬು, ಅಂಕುಡೊಂಕು, ಮೇಲೆ ಸೀಲಂಟ್ ಬೆರಳಲ್ಲಿ ಸವರಿದ ಗುರುತು. ಎಡಬಲ ಏಪ್ರನ್ ಒಂದಕ್ಕೊಂದು ಕನ್ನಡಿಯಂತೆ ಇಲ್ಲದಿದ್ದರೆ ಅಲ್ಲಿಗೇ ಕೈಬಿಡಿ.

ಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆದು ನೋಡಿ. ಸುಲಭವಾಗಿ ಬರುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಒಳಗೂ ಅದೇ ಚುಕ್ಕೆಸಾಲು ಇರಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯ ತಗಡು ಸುಕ್ಕಾಗಿದೆಯೇ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿ ಅಲ್ಲಿ ಸಿಕ್ಕಿಬೀಳುತ್ತದೆ.

ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು. ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, ಮರುಬಣ್ಣ ಹೊಡೆದದ್ದು 200ರ ಮೇಲೆ. 500 ದಾಟಿದರೆ ಒಳಗೆ ತಗ್ಗು ತುಂಬಿದ ಪುಟ್ಟಿ ಇದೆ. ಮೀಟರ್ ಇಲ್ಲವೇ? ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಹಿಡಿಯಿರಿ, ಪುಟ್ಟಿ ಇರುವಲ್ಲಿ ಅದು ಹಿಡಿಯದೆ ಜಾರುತ್ತದೆ. ಛಾವಣಿಗೂ ಮರುಬಣ್ಣ ಬಿದ್ದಿದ್ದರೆ ಯಾಕೆ ಎಂದು ಕೇಳಿ. ಪಲ್ಟಿ ಹೊಡೆದ ಗಾಡಿಗೇ ಹೆಚ್ಚಾಗಿ ಛಾವಣಿ ಬಣ್ಣ ಬೇಕಾಗುವುದು. ಬಿಸಿಲಿಗೆ ಬಣ್ಣ ಸಿಪ್ಪೆ ಎದ್ದಿರುವುದೂ ಉಂಟು, ಹಾಗಾಗಿ ತೀರ್ಪಿಗೆ ಆತುರ ಬೇಡ, ಛಾವಣಿ ಹೊರುವ ಕಂಬ, ಅಂದರೆ ಪಿಲ್ಲರ್ ನೋಡಿ.

ತುಕ್ಕಿನ ವಿಷಯದಲ್ಲಿ ಊರು ಮುಖ್ಯ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿ ಉಪ್ಪು ಹೊತ್ತು ಬರುತ್ತದೆ, ಮಲೆನಾಡಿನಲ್ಲಿ ನಾಲ್ಕು ತಿಂಗಳು ಗಾಡಿ ಒಣಗುವುದೇ ಇಲ್ಲ. ಕಲಬುರಗಿ, ವಿಜಯಪುರದ ಗಾಡಿಗೆ ತುಕ್ಕಿನ ಕಾಟ ಕಡಿಮೆ. ಅದರ ಬದಲು ಬಿಸಿಲಿಗೆ ರಬ್ಬರ್, ಡ್ಯಾಶ್‌ಬೋರ್ಡ್ ಬಿರಿದಿರುತ್ತವೆ. ರಬ್ಬರ್ ಬದಲಿಸಬಹುದು. ತುಕ್ಕು ಅಡಗುವ ಜಾಗಗಳು: ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಪಟ್ಟಿ, ಹಿಂದಿನ ಚಕ್ರದ ಕಮಾನಿನ ಒಳಮಡಿಕೆ, ಬ್ಯಾಟರಿ ತಟ್ಟೆಯ ಅಡಿ, ಮುಂದಿನ ಶಾಕ್ ಅಬ್ಸಾರ್ಬರ್ ತಲೆ ಕೂರುವ ಟವರ್, ಕಾಲಡಿಯ ಮ್ಯಾಟ್ ಕೆಳಗೆ. ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿದರೆ ಗಟ್ಟಿ ತಗಡು ‘ಟಣ್’ ಅನ್ನುತ್ತದೆ, ತಿಂದುಹೋದದ್ದು ‘ದಬ್’ ಅನ್ನುತ್ತದೆ. ಅಡಿಭಾಗಕ್ಕೆಲ್ಲ ಹೊಚ್ಚ ಹೊಸ ಕಪ್ಪು ಕೋಟಿಂಗ್ ಬಳಿದಿದ್ದರೆ ಅದನ್ನು ಕಾಳಜಿ ಎಂದು ಭಾವಿಸಬೇಡಿ, ಮುಸುಕು ಎಂದು ಭಾವಿಸಿ.

ನೆರೆಯಲ್ಲಿ ಮುಳುಗಿದ ಗಾಡಿ ಇನ್ನೊಂದು ಬಗೆಯ ಮೋಸ. 2018ರ ಕೇರಳ, ಕೊಡಗು, 2019ರ ಬೆಳಗಾವಿ ಸೀಮೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತ, 2023ರ ಡಿಸೆಂಬರ್‌ನಲ್ಲಿ ಚೆನ್ನೈ ಹೀಗೆ ನೀರು ಕುಡಿದ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತೊಳೆಯುವವರು ಮೇಲಿನ ಅರ್ಧ ಮಾತ್ರ ತೊಳೆದಿರುತ್ತಾರೆ. ಒಳಗೆ ಸುತ್ತಿಕೊಂಡ ತುದಿಯಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಸಿಗುತ್ತದೆ. ಸೀಟಿನ ರೈಲು, ಡ್ಯಾಶ್‌ಬೋರ್ಡ್ ಅಡಿಯ ಸ್ಕ್ರೂಗಳಿಗೆ ತುಕ್ಕು ಹಿಡಿದಿದ್ದರೆ ನೀರು ಅಷ್ಟೆತ್ತರ ಬಂದಿತ್ತೆಂದೇ ಅರ್ಥ. ಆ ಗಾಡಿ ಇವತ್ತು ಓಡುತ್ತದೆ, ಆರು ತಿಂಗಳಿಗೆ ವೈರಿಂಗಿನ ಕನೆಕ್ಟರ್‌ಗಳು ಹಸಿರು ಹಿಡಿದು ಒಂದೊಂದೇ ಕೈಕೊಡುತ್ತವೆ.

ಓಡಿದ್ದೆಷ್ಟು?

ಓಡೋಮೀಟರ್ ಹೇಳುವುದನ್ನು ಸಾಕ್ಷಿಯ ಹೇಳಿಕೆ ಎಂದು ಕೇಳಿಸಿಕೊಳ್ಳಿ. ಡಿಜಿಟಲ್ ಮೀಟರ್ ತಿರುಗಿಸಲು ಲ್ಯಾಪ್‌ಟಾಪ್ ಮತ್ತು ಅರ್ಧ ಗಂಟೆ ಸಾಕು. ಪಾಟೀಸವಾಲು ಟೈರಿನಿಂದ ಶುರುವಾಗಲಿ. ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕಂಕಿ ಇರುತ್ತದೆ: 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಸಣ್ಣ ಕಾರಿನ ಟೈರ್ ಸಾಮಾನ್ಯವಾಗಿ 40ರಿಂದ 50 ಸಾವಿರ ಕಿಲೋಮೀಟರ್ ಬಾಳುತ್ತದೆ. 2013ರ ಗಾಡಿಯ ಮೀಟರ್ 42,000 ತೋರಿಸುತ್ತಿದೆ, ಟೈರ್‌ಗಳು 2019ರವು, ಅವೂ ಬೋಳಾಗಿವೆ. ಅಂದರೆ ಕಂಪನಿಯ ಸೆಟ್ ಮುಗಿದು ಎರಡನೇ ಸೆಟ್ಟೂ ಸವೆದಿದೆ; 42 ಸಾವಿರದೊಳಗೆ ಇದು ಕೂಡುವ ಲೆಕ್ಕವಲ್ಲ. ಅಂಚು ಸವೆದು ನುಣುಪಾದ ಬ್ರೇಕ್ ಪೆಡಲ್ ರಬ್ಬರ್, ಹೊಳೆಯುವ ಸ್ಟೀರಿಂಗ್, ಕುಸಿದ ಡ್ರೈವರ್ ಸೀಟು ಇದಕ್ಕೆ ಬೆಂಬಲ ಸಾಕ್ಷಿಗಳು. ಎಲ್ಲಕ್ಕಿಂತ ಗಟ್ಟಿ ದಾಖಲೆ ಕಂಪನಿ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿದೆ. ಓನರ್ ಜೊತೆಯಲ್ಲೇ ಹೋಗಿ ಸರ್ವಿಸ್ ಹಿಸ್ಟರಿ ಕೇಳಿದರೆ ಯಾವ ತಾರೀಖಿಗೆ ಎಷ್ಟು ಕಿಲೋಮೀಟರ್ ಎಂಬುದು ಸಾಲುಸಾಲಾಗಿ ಬರುತ್ತದೆ. ನಡುವೆ ಅಂಕಿ ಇಳಿದಿದ್ದರೆ ಮಾತೇ ಬೇಡ.

ಹಾಗೆಂದು ತೀರಾ ಕಡಿಮೆ ಓಡಿದ ಗಾಡಿ ಬಂಗಾರವೇನಲ್ಲ. ನಿಂತಲ್ಲೇ ನಿಂತ ಕಾರಿನ ಬ್ರೇಕ್ ಸಿಲಿಂಡರ್ ಜಾಮ್ ಆಗಿರುತ್ತದೆ, ಇಲಿ ವೈರ್ ಕಡಿದಿರುತ್ತದೆ, ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ. ವರ್ಷಕ್ಕೆ 8-10 ಸಾವಿರ ಓಡಿ, ಸರಿಯಾಗಿ ಸರ್ವಿಸ್ ಕಂಡ ಗಾಡಿಯೇ ಲೇಸು.

ತಣ್ಣಗಿನ ಎಂಜಿನ್

‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾವುದೋ ಸದ್ದು ಮುಚ್ಚಿಡಲು ಬಿಸಿ ಮಾಡಿಟ್ಟಿದ್ದಾರೆ.

ಸ್ಟಾರ್ಟ್ ಮಾಡುವ ಮುನ್ನ ಕೀ ಆನ್ ಮಾಡಿ ನಿಲ್ಲಿಸಿ. ಚೆಕ್ ಎಂಜಿನ್, ಆಯಿಲ್ ಒತ್ತಡ, ಬ್ಯಾಟರಿ, ಎಬಿಎಸ್ ಮತ್ತು ಏರ್‌ಬ್ಯಾಗ್ ಇದ್ದರೆ ಅವುಗಳ ದೀಪ, ಎಲ್ಲವೂ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತಿದ್ದಾರೆ. ರೇಡಿಯೇಟರ್ ಮುಚ್ಚಳ ತಣ್ಣಗಿರುವಾಗ ಮಾತ್ರ ತೆಗೆದು ನೋಡಿ: ಹಸಿರು ಅಥವಾ ನೀಲಿ ಕೂಲಂಟ್ ಇರಬೇಕು. ಕಂದು ನೀರಿದ್ದರೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದಾರೆ, ಒಳಗಿನ ದಾರಿಗಳು ಸುಣ್ಣಗಟ್ಟಿವೆ. ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಹೋಗಿರುವ ಸಾಧ್ಯತೆ.

ಮೊದಲ ಹತ್ತು ಸೆಕೆಂಡ್ ಸೈಲೆನ್ಸರ್ ಹಿಂದೆ ಇನ್ನೊಬ್ಬರನ್ನು ನಿಲ್ಲಿಸಿ. ಸ್ಟಾರ್ಟ್ ಆದಾಗ ಒಂದು ನೀಲಿ ಉಸಿರು ಬಂದು ನಿಂತರೆ ವಾಲ್ವ್ ಸೀಲಿನ ರಬ್ಬರ್ ಮೃದುತನ ಕಳೆದುಕೊಂಡಿದೆ, ಅದು ಸಣ್ಣ ಖರ್ಚು. ಓಡಿಸುವಾಗ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಅದು ದೊಡ್ಡ ಖರ್ಚು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಉರಿಯುತ್ತಿದೆ. ಚಳಿಗೆ ಒಂದೆರಡು ನಿಮಿಷ ಬರುವ ಆವಿಗೆ ಗಾಬರಿ ಬೇಡ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಬೋರಲಾಗಿ ಇಡಿ. ಸುಮ್ಮನೆ ಅಲುಗಿದರೆ ಸರಿ. ಇಡ್ಲಿ ಪಾತ್ರೆಯ ಮುಚ್ಚಳದಂತೆ ಕುಣಿದು ಪುಸುಪುಸು ಹೊಗೆ ಬಂದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ. ಡೀಸೆಲ್‌ನಲ್ಲಿ ಈ ಒಂದು ಪರೀಕ್ಷೆ ಬಿಡಲೇಬಾರದು.

ವಾಲ್ವ್ ಮತ್ತು ಪಿಸ್ಟನ್ ಚಲನೆ ಹೊಂದಿಸಿ ಓಡಿಸುವುದು ಟೈಮಿಂಗ್ ಬೆಲ್ಟೋ ಚೈನೋ ಎಂದು ತಿಳಿದುಕೊಂಡೇ ಹೋಗಿ. ಮಾರುತಿ 800, 796 ಸಿಸಿಯ ಆಲ್ಟೊ, 2010ಕ್ಕಿಂತ ಹಿಂದಿನ ವ್ಯಾಗನ್‌ಆರ್, 1.3 ಪೆಟ್ರೋಲ್ ಸ್ವಿಫ್ಟ್, ಸ್ಯಾಂಟ್ರೊ ಕ್ಸಿಂಗ್, 1.1 ಲೀಟರ್ ಐ10 ಇವಕ್ಕೆ ರಬ್ಬರ್ ಬೆಲ್ಟ್. ಆಲ್ಟೊ ಕೆ10, ನಂತರದ ವ್ಯಾಗನ್‌ಆರ್, 1.2 ಸ್ವಿಫ್ಟ್, 1.2 ಐ10 ಇವಕ್ಕೆ ಚೈನ್. ಕಿಲೋಮೀಟರ್ ಆಗದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ‘ಬದಲಿಸಿಲ್ಲ’ ಎಂದೇ ಲೆಕ್ಕ. ಕೊಂಡ ವಾರದಲ್ಲೇ ಬೆಲ್ಟ್, ಟೆನ್ಶನರ್ ಹೊಸದು ಹಾಕಿಸಿ. ಓಡುವಾಗ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುವ ಅಪಾಯವಿದೆ, ಆಗ ಕೆಲವು ಸಾವಿರದ ಕೆಲಸ ಹತ್ತಿಪ್ಪತ್ತು ಸಾವಿರ ದಾಟುತ್ತದೆ. ಚೈನ್ ಎಂಜಿನ್‌ನಲ್ಲಿ ತಣ್ಣಗಿನ ಸ್ಟಾರ್ಟಿಗೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಕೆಲವು ಸೆಕೆಂಡ್ ಬಂದರೆ ಚೈನ್ ಸಡಿಲಾಗಿದೆ.

ಡೀಸೆಲ್ ಬಗ್ಗೆ ನೇರ ಮಾತು. ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲಿ ಬಂದ ಫಿಯೆಟ್ ಮೂಲದ 1,248 ಸಿಸಿ ಎಂಜಿನ್ ಗಟ್ಟಿಮುಟ್ಟು. ಹೆದ್ದಾರಿಯಲ್ಲಿ ಓಡಿಸುವವರಿಗೆ ಇವತ್ತಿಗೂ ಚಿನ್ನ. ಆದರೆ ಇಂಜೆಕ್ಟರ್, ಟರ್ಬೊ, ಹೈ ಪ್ರೆಶರ್ ಪಂಪ್ ಕೆಟ್ಟರೆ ಒಂದೊಂದರ ಬಿಲ್ಲೂ ಐದಂಕಿ. ದಿನಕ್ಕೆ 15 ಕಿಲೋಮೀಟರ್ ಆಫೀಸಿಗೆ ಹೋಗುವವರು ಹಳೇ ಡೀಸೆಲ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

2013ರ ಏಪ್ರಿಲ್ ನಂತರದ ಕಾರಾದರೆ ಓಬಿಡಿ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸಾಧನ, ಚುಚ್ಚಿ. ಮೊಬೈಲಿಗೆ ಬ್ಲೂಟೂತಿನಲ್ಲಿ ಸೇರುವ ಅಗ್ಗದ್ದೇ ಸಾಕು. ‘ಫಾಲ್ಟ್ ಕೋಡ್ ಇಲ್ಲ’ ಎಂದು ತೋರಿಸಿದರೆ ಖುಷಿಪಡುವ ಮುನ್ನ ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ‘ರೆಡಿನೆಸ್ ಮಾನಿಟರ್’ ಪುಟ ನೋಡಿ. ಹೆಚ್ಚಿನವು ಅಪೂರ್ಣ ಎಂದಿದ್ದರೆ ಕೋಡ್‌ಗಳನ್ನು ಈಗಷ್ಟೇ ಅಳಿಸಿದ್ದಾರೆ ಇಲ್ಲವೇ ಬ್ಯಾಟರಿ ಕಳಚಿದ್ದಾರೆ.

ಓಡಿಸಿ, ಆಮೇಲೆ ಎತ್ತಿಸಿ

ಸ್ಟೀರಿಯೊ ಆಫ್, ಕಿಟಕಿ ಇಳಿಸಿ, ಕನಿಷ್ಠ ಅರ್ಧ ಗಂಟೆ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಎಕ್ಸಲರೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಬೇಗ ಇಳಿಸಿದಾಗ ಕರಕರ ಎಂದರೆ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊ ಸವೆದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿದಾಗ ಕಟಕಟ ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್. 60ರ ವೇಗದ ಗುಂಯ್ ಸದ್ದು ಬಲಕ್ಕೆ ಸ್ಟೀರಿಂಗ್ ತಿರುಗಿಸಿದಾಗ ಜಾಸ್ತಿಯಾಗಿ ಎಡಕ್ಕೆ ಕಡಿಮೆಯಾದರೆ ಎಡ ಚಕ್ರದ ಬೇರಿಂಗ್. ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಿಸುವ) ಗಾಡಿಯಾದರೆ ಸಣ್ಣ ದಿಬ್ಬದ ಮೇಲೆ ನಿಲ್ಲಿಸಿ ಹೊರಡಿಸಿ ನೋಡಿ; ಜರ್ಕ್ ಹೊಡೆಯುವುದು, ಗೇರ್ ಹಾಕಲು ತಡವರಿಸುವುದು ಕ್ಲಚ್ ಅಥವಾ ಗೇರ್ ಬದಲಿಸುವ ಆಕ್ಚುವೇಟರಿನ ದೂರು, ಎರಡನೆಯದು ದುಬಾರಿ.

ಟ್ರಾಫಿಕ್‌ನಲ್ಲಿ ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ. ತಂಪು ಕಡಿಮೆಯಾದರೆ ‘ಗ್ಯಾಸ್ ಹಾಕಿಸಿದರೆ ಸರಿಹೋಗುತ್ತೆ’ ಎನ್ನುತ್ತಾರೆ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ, ಎಲ್ಲೋ ಸೋರಿದೆ. ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಆದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಹಳೇ ಪ್ಲಾಸ್ಟಿಕ್ ಮತ್ತೆ ಸದ್ದಿಲ್ಲದೆ ಕೂರುವುದಿಲ್ಲ.

ಕೊನೆಗೆ ನಿಮ್ಮ ಕಡೆಯ ಮೆಕ್ಯಾನಿಕ್ ಬಳಿ ಲಿಫ್ಟ್ ಮೇಲೆ ಎತ್ತಿಸಿ. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬೇಡ. ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಸೋರಿಕೆ, ಶಾಫ್ಟಿನ ರಬ್ಬರ್ ಬೂಟ್, ಆಯಿಲ್ ಜಿನುಗು ಎಲ್ಲ ಐದು ನಿಮಿಷದಲ್ಲಿ ಕಾಣುತ್ತವೆ. ಪೆಟ್ರೋಲ್ ಹೋಸ್‌ಗಳನ್ನೂ ಬಾಗಿಸಿ ನೋಡಲಿ. 2023ರ ಏಪ್ರಿಲ್‌ಗಿಂತ ಹಿಂದಿನ ಬಹುಪಾಲು ಕಾರುಗಳು ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆಂದು ಮಾಡಿದವಲ್ಲ. ಬಿರುಕು ಬಿಟ್ಟ ಹಳೇ ಹೋಸ್ ಇನ್ನಷ್ಟು ಬೇಗ ಸೋರುತ್ತದೆ.

ಬೆಲೆ, ಸುರಕ್ಷತೆ, ಸಹಿ

ಕಂಡ ದೋಷಗಳನ್ನೆಲ್ಲ ರೂಪಾಯಿಗೆ ತನ್ನಿ. ನಾಲ್ಕು ಟೈರ್ ಸುಮಾರು 14-18 ಸಾವಿರ, ಬ್ಯಾಟರಿ 4-5 ಸಾವಿರ, ಸಣ್ಣ ಪೆಟ್ರೋಲ್ ಕಾರಿನ ಕ್ಲಚ್ ಸೆಟ್ ಕೂಲಿ ಸೇರಿ 6-9 ಸಾವಿರ, ಮುಂದಿನ ಸಸ್ಪೆನ್ಶನ್ ಪೂರ್ತಿ ಕೆಲಸ 10-15 ಸಾವಿರ. ಎರಡು ಲಕ್ಷದ ಗಾಡಿಗೆ ಎಲ್ಲವೂ ಒಟ್ಟಿಗೆ ಬೇಕಾದರೆ ಅದು ಎರಡೂವರೆ ಲಕ್ಷದ ಗಾಡಿ. ಚೌಕಾಸಿ ಆ ಪಟ್ಟಿ ಹಿಡಿದು ನಡೆಯಲಿ.

ಒಂದೇ ಬೆಲೆಗೆ ಎರಡು ಗಾಡಿ ಸಿಕ್ಕರೆ ಎಬಿಎಸ್, ಏರ್‌ಬ್ಯಾಗ್ ಇರುವ ವೇರಿಯಂಟ್ ಆರಿಸಿ, ಅಲಾಯ್ ವೀಲ್ ಇರುವುದನ್ನಲ್ಲ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಸಿಎಪಿ ಡಿಕ್ಕಿ ಹೊಡೆಸಿ ನೋಡಿದ ಏರ್‌ಬ್ಯಾಗಿಲ್ಲದ ಆಲ್ಟೊ 800, ಐ10, ನ್ಯಾನೊ, ಫಿಗೊ, ಪೋಲೊ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್ ಬಂದಿತ್ತು.

ದುಡ್ಡು ಕೊಡುವ ದಿನ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಲೋಹದ ಮೇಲೆ ಓದಿ ಆರ್‌ಸಿ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ಉಜ್ಜಿ ಮತ್ತೆ ಹೊಡೆದಂತಿದ್ದರೆ ಎದ್ದು ಬನ್ನಿ. ಆರ್‌ಸಿಯಲ್ಲಿ ಹೆಸರಿರುವವರೇ ಎದುರಿಗೆ ಕೂತು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಮಾಡಲಿ. ಯಾರೋ ಮಾಡಿಟ್ಟ ಖಾಲಿ ಫಾರಂ ಬೇಡ. ಹಣ ಅವರ ಖಾತೆಗೇ ಹೋಗಲಿ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಿ ಹೆಸರು ಬದಲಿಸಿಕೊಳ್ಳಿ, ಹಳೇ ಓನರಿನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಗಾಡಿ ಕೈಬದಲಾದ ತಾರೀಖಿನ ಜೊತೆಗೆ ಗಂಟೆ-ನಿಮಿಷವನ್ನೂ ಬರೆದ ಡೆಲಿವರಿ ನೋಟ್ ಎರಡು ಪ್ರತಿ ಮಾಡಿ. ಆ ಬೆಳಿಗ್ಗೆ ಕ್ಯಾಮೆರಾಕ್ಕೆ ಬಿದ್ದ ಸಿಗ್ನಲ್ ಜಂಪ್ ಯಾರದ್ದೆಂದು ತೀರ್ಮಾನಿಸುವುದು ಆ ಚೀಟಿಯೇ. ಗಾಜಿನ ಮೇಲಿನ ಹಳೇ ಫಾಸ್ಟ್ಯಾಗನ್ನು ಅಲ್ಲೇ, ಅವರ ಮುಂದೆಯೇ ಕೀಳಿಸಿಬಿಡಿ.